ಫೋನಪ್ಪನ ಮೂರನೇ ಮಹಡಿ

ಆ ಆಸ್ಪತ್ರೆಯಲ್ಲಿ ಮುನ್ನೂರ ಹನ್ನೆರಡು ಟೆಲಿಫೋನುಗಳಿದ್ದವು. ಅವುಗಳಲ್ಲಿ ಯಾವುದು ಸತ್ತರೂ ಜನ ಮೊದಲು ಬೈಯುತ್ತಿದ್ದದ್ದು ಫೋನಪ್ಪನನ್ನು, ಬೈದು ಮುಗಿದ ಮೇಲೆ ಹುಡುಕುತ್ತಿದ್ದದ್ದೂ ಫೋನಪ್ಪನನ್ನೇ. ಹೆತ್ತವರು ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿತ್ತು. ಅದು ಅಲ್ಲೇ ಇರಲಿ ಬಿಡಿ, ಮೂವತ್ತೊಂದು ವರ್ಷದಲ್ಲಿ ಆ ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ. ದೊಡ್ಡ ಸರ್ಜನ್ ಸಾಹೇಬರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವನು ಫೋನಪ್ಪ.

ಅವನ ರಾಜ್ಯಭಾರವೆಲ್ಲ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ಕೋಣೆಯ ಹಿಂದೆ. ಕಿಟಕಿ ಇಲ್ಲದ ಕೋಣೆ. ಒಂದು ಗೋಡೆಯುದ್ದಕ್ಕೂ ನೆಲದಿಂದ ಚಾವಣಿಯವರೆಗೆ ಕಬ್ಬಿಣದ ಚೌಕಟ್ಟು, ಅದರ ತುಂಬ ಸಾವಿರಾರು ತಂತಿ. ಹೊಸಬರು ನೋಡಿದರೆ ತಲೆ ತಿರುಗಬೇಕು. ಫೋನಪ್ಪ ಮಾತ್ರ ಚಹಾ ಲೋಟ ಕೈಯಲ್ಲಿ ಹಿಡಿದುಕೊಂಡೇ, ಹನ್ನೆರಡನೇ ಸಾಲಿನ ಎಂಟನೆಯದು ಹೆರಿಗೆ ವಾರ್ಡಿನದು, ಅದರ ಪಕ್ಕದ್ದು ಅಡುಗೆಮನೆಯದು ಎಂದು ಹೇಳಿಬಿಡುತ್ತಿದ್ದ.

ಟೆಲಿಫೋನಿಗೆ ಬೇಕಾದದ್ದು ಎರಡೇ ತಂತಿ. ಒಂದು ಬಣ್ಣದ್ದು, ಇನ್ನೊಂದು ಅದರ ಜೊತೆಯ ಬಿಳಿಯದು. ನೆಲಮಾಳಿಗೆಯಿಂದ ವಾರ್ಡಿನ ಮೇಜಿನವರೆಗೂ ಅವೆರಡು ಒಂದಕ್ಕೊಂದು ಸುತ್ತಿಕೊಂಡೇ ಹೋಗಬೇಕು. ಆ ಸುತ್ತೇ ಪಕ್ಕದ ತಂತಿಯ ಮಾತು ಇದರೊಳಗೆ ನುಗ್ಗದಂತೆ ಕಾಯುವುದು. ಜೋಡಿ ಒಡೆಯಬಾರದು, ಒಂದು ಜೋಡಿಯ ತಂತಿಯನ್ನು ಇನ್ನೊಂದು ಜೋಡಿಯದರ ಜೊತೆ ಕಟ್ಟಬಾರದು. ಫೋನಪ್ಪನಿಗೆ ದೇವರು ದಿಂಡರ ಮೇಲೆ ಅಂಥಾ ಭಕ್ತಿಯೇನೂ ಇರಲಿಲ್ಲ, ಇದರ ಮೇಲೆ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಮೇಟ್ರನ್ ಅಮ್ಮನವರ ಫೋನಿನಲ್ಲಿ ಔಷಧಿ ವಿಭಾಗದವರ ಜಗಳ ಕೇಳಿಸುತ್ತದೆ ಎಂಬ ದೂರು ಬಂದಿತ್ತು. ಗಂಟೆ ಬಾರಿಸುತ್ತಿತ್ತು, ಮಾತು ಹೋಗುತ್ತಿತ್ತು, ಬರುತ್ತಿತ್ತು, ಎಲ್ಲ ಸರಿಯಾಗಿಯೇ ಇತ್ತು. ಜಗಳ ಮಾತ್ರ ಪುಕ್ಕಟೆಯಾಗಿ ಸೇರಿಕೊಳ್ಳುತ್ತಿತ್ತು. ಅವನಿಗಿಂತ ಮೊದಲಿದ್ದವನು ಎಲ್ಲೋ ಒಂದು ಕಡೆ ಎರಡು ಜೋಡಿಗಳನ್ನು ಒಡೆದು ಅದಲುಬದಲು ಸೇರಿಸಿಟ್ಟಿದ್ದ. ಹನ್ನೊಂದು ದಿನ ಧೂಳು ತಿಂದು ಫೋನಪ್ಪ ಆ ಜಾಗ ಹುಡುಕಿದ. ಈ ಹೆಸರು ಅಂಟಿಕೊಂಡದ್ದು ಆಗಲೇ.

ಹೆಂಡತಿಯೂ ಅದೇ ಆಸ್ಪತ್ರೆಯವಳು. ಆಗ ಬೋರ್ಡಿನ ಮುಂದೆ ಕೂತು ಕರೆ ಜೋಡಿಸುವ ಕೆಲಸ ಅವಳದು. ಇವನು ಯಾವುದೋ ವಾರ್ಡಿನಿಂದ ಲೈನು ಪರೀಕ್ಷೆ ಮಾಡಬೇಕು, ಅವಳು ಆ ತುದಿಯಿಂದ "ಬೋರ್ಡ್" ಅನ್ನಬೇಕು. ಆ ವರ್ಷ ನಾಲ್ಕನೇ ವಾರ್ಡಿನ ಫೋನು ಹದಿನೇಳು ಸಲ ಕೆಟ್ಟಿತೆಂದು ದಾಖಲೆ ಹೇಳುತ್ತದೆ. ಒಂದು ಸಲವೂ ಕೆಟ್ಟಿರಲಿಲ್ಲವೆಂಬುದು ದಾಖಲೆ ಬರೆದವರಿಗೂ ಗೊತ್ತಿತ್ತು. ಮದುವೆಯಾದ ಮೇಲೆ ಆ ಫೋನು ಕೆಡುವುದನ್ನು ನಿಲ್ಲಿಸಿತು. ಮುಂದೊಂದು ದಿನ ಬೋರ್ಡು ತಾನೇ ಕರೆ ಜೋಡಿಸಿಕೊಳ್ಳುವುದನ್ನು ಕಲಿತಾಗ ಅವಳನ್ನು ಬಟ್ಟೆ ಕೋಣೆಗೆ ಹಾಕಿದರು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ನಿಲುವಂಗಿ ಎಲ್ಲ ಒಗೆಯುವಲ್ಲಿಗೆ ಕಳಿಸಿ, ತಿರುಗಿ ಬಂದದ್ದನ್ನು ವಾರ್ಡುವಾರು ಹಂಚುವ ಕೆಲಸ. ಎರಡು ದಿನ ಅತ್ತಳು, ಮೂರನೇ ದಿನ ಟೊಂಕ ಕಟ್ಟಿ ನಿಂತಳು.

ಫೋನಪ್ಪನ ಸರದಿ ಬಂದದ್ದು ಅವನಿಗೆ ಐವತ್ತಾರು ತುಂಬಿದ ಮೇಲೆ. ಆಸ್ಪತ್ರೆಯ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರು ಅವನನ್ನು ತಮ್ಮ ಕೋಣೆಗೆ ಕರೆಸಿದರು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಒಳ್ಳೆಯವರಾದ್ದರಿಂದಲೇ ಕೆಟ್ಟ ಸುದ್ದಿ ಹೇಳಲು ಬರುತ್ತಿರಲಿಲ್ಲ.

"ಕೂತ್ಕೊಳ್ಳಿ ಫೋನಪ್ಪನವರೇ. ಈ ವರ್ಷದ ಕೊನೆಗೆ ಎಕ್ಸ್‌ಚೇಂಜ್ ಮುಚ್ತೀವಿ. ಇನ್ಮೇಲೆ ಫೋನೂ ಕಂಪ್ಯೂಟರ್ ತಂತಿ ಮೇಲೇ ಓಡುತ್ತೆ."

"ಮತ್ತೆ ನಾನು?"

"ನಿಮಗೊಂದು ದಾರಿ ಇದೆ. ಆರು ವಾರ ತರಬೇತಿ. ಪಾಸಾದ್ರೆ ಮೂರು ತಿಂಗಳು ನಮ್ಮ ಜೊತೆ ಕೆಲಸ ಮಾಡಿ ತೋರಿಸಿ. ಸರಿಹೋದ್ರೆ ನಮ್ಮ ವಿಭಾಗಕ್ಕೇ ತಗೋತೀವಿ."

"ಸರಿಹೋಗ್ದಿದ್ರೆ?"

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ಸರಿಹೋಗುತ್ತೆ ಬಿಡಿ," ಎಂದರು.

ಸರಿಹೋಗದಿದ್ದರೆ ಮನೆಗೆ ಹೋಗಬೇಕು ಎಂಬುದನ್ನು ಫೋನಪ್ಪ ತಾನೇ ಅರ್ಥ ಮಾಡಿಕೊಂಡ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಹೆಂಡತಿ ಬೆಳಿಗ್ಗೆ ಬಟ್ಟೆ ಕೋಣೆಗೆ ಹೊರಟ ಮೇಲೆ ತಾನು ಮನೆಯಲ್ಲಿ ಕೂತು ಏನು ಮಾಡುವುದು? ಸಂತೆಗೆ ಹೋಗಿ ತರಕಾರಿ ತರಬಹುದು, ಅದು ಅರ್ಧ ಗಂಟೆಯ ಕೆಲಸ. ಆಮೇಲೆ? ಆ ಕಟ್ಟಡದೊಳಗೆ ತನಗೊಂದು ಜಾಗ ಬೇಕು, ಅದು ಮೂಲೆಯಾದರೂ ಚಿಂತೆಯಿಲ್ಲ. ಅವನು ಬೇಡಿದ್ದು ಅಷ್ಟೇ.

ತರಬೇತಿ ನಡೆದದ್ದು ಮೊದಲನೇ ಮಹಡಿಯ ಹಳೆಯ ಊಟದ ಕೋಣೆಯಲ್ಲಿ. ಪಾಠ ಹೇಳಲು ಬಂದ ಮೇಡಂ ಅವನ ಅರ್ಧ ವಯಸ್ಸಿನವರು, ಮಾತಿಗೆ ನಿಲ್ದಾಣವೇ ಇಲ್ಲ. ಉಳಿದ ಎಂಟು ಮಂದಿ ದಾಖಲೆ ವಿಭಾಗದವರು, ಕಂಪ್ಯೂಟರಿನ ಮುಂದೆಯೇ ಕಣ್ಣುಬಿಟ್ಟವರು. ಫೋನಪ್ಪ ಮೊದಲ ಸಾಲಿನಲ್ಲಿ ಕೂತ. ವಿದ್ಯೆಯ ಹಸಿವಿನಿಂದೇನಲ್ಲ, ಬೇರೆಯವರ ನಗು ಬೆನ್ನಿಗೆ ಬಿದ್ದರೆ ಬೀಳಲಿ, ಮುಖಕ್ಕೆ ಬೀಳುವುದು ಬೇಡ ಎಂದು.

ಮೊದಲ ದಿನವೇ ಸಿಕ್ಕಿಬಿದ್ದ.

"ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಏನು ಕಳಿಸಿದ್ರೂ ಅದು ಸಣ್ಣ ಸಣ್ಣ ತುಂಡಾಗಿ ಹೋಗುತ್ತೆ," ಎಂದರು ಮೇಡಂ. "ಆ ತುಂಡಿಗೆ ಪ್ಯಾಕೆಟ್ ಅಂತೀವಿ."

"ಯಾವ ಲೈನಲ್ಲಿ ಹೋಗುತ್ತೆ ಮೇಡಂ?"

"ಇಂಥದ್ದೇ ಲೈನ್ ಅಂತಿಲ್ಲ ಸರ್. ಯಾವ ದಾರಿ ಸಿಗುತ್ತೋ ಆ ದಾರಿ. ಒಂದು ತುಂಡು ಹೀಗೆ ಹೋಗಬಹುದು, ಇನ್ನೊಂದು ಹಾಗೆ ಹೋಗಬಹುದು."

"ಅದು ಸರಿ. ಆದ್ರೆ ನಾನು ನಿಮ್ಮ ಹತ್ರ ಮಾತಾಡ್ತಿರೋವಾಗ ನನ್ನಿಂದ ನಿಮ್ಮ ತನಕ ಒಂದು ಲೈನ್ ಹಿಡಿದಿಟ್ಟಿರಬೇಕಲ್ಲ?"

"ಹಿಡಿದಿಡೋದೇ ಇಲ್ಲ ಸರ್."

"ಇಲ್ದೆ ಹೇಗೆ?"

ಹಿಂದೆ ಯಾರೋ ಕಿಸಕ್ಕೆಂದರು. ಮೂವತ್ತೊಂದು ವರ್ಷ ಲೈನನ್ನೇ ಉಂಡು ಲೈನನ್ನೇ ಹೊದ್ದ ಮನುಷ್ಯನಿಗೆ ಲೈನೇ ಇಲ್ಲ ಎಂದರೆ ಅವನು ಏನು ಹಿಡಿದುಕೊಂಡು ನಿಲ್ಲಬೇಕು, ನೀವೇ ಹೇಳಿ. ನಗುವುದು ಸುಲಭ.

ಸಂಜೆ ಮನೆಗೆ ಬಂದವನು ಅಂಗಿ ಕೂಡ ಬದಲಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಲೈನೇ ಇಲ್ವಂತೆ ಕಣೇ."

"ಯಾರಿಗೆ ಇಲ್ವಂತೆ?"

"ಯಾರಿಗೂ."

ಹೆಂಡತಿ ಅವನ ಕೈಯಿಂದ ಪಾಠದ ಹಾಳೆ ಇಸಿದುಕೊಂಡು ಓದಿದಳು. ಒಂದು ಪುಟ ಓದಿ ಅವನ ಮುಖ ನೋಡಿದಳು, ಇನ್ನೊಂದು ಪುಟ ಓದಿದಳು. "ಇದಕ್ಯಾಕ್ರೀ ಇಷ್ಟು ಒದ್ದಾಡ್ತೀರ? ಇದು ನನ್ನ ಬಟ್ಟೆ ಕೋಣೆ. ಒಂದು ವಾರ್ಡಿಂದ ನೂರು ಹಾಸಿಗೆ ಬಟ್ಟೆ ಹೊರಡುತ್ತೆ. ಎಲ್ಲಾ ಒಂದೇ ಗಾಡೀಲಿ ಬರುತ್ತಾ? ಸಿಕ್ಕ ಗಾಡೀಲಿ, ಸಿಕ್ಕ ಲಿಫ್ಟಲ್ಲಿ, ಬೇರೆ ವಾರ್ಡಿನವುಗಳ ಜೊತೆ ಕಲಸಿಕೊಂಡು ಬರುತ್ತೆ. ಆದ್ರೂ ಯಾವುದು ಯಾರದು ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

"ಮೂಲೇಲಿ ವಾರ್ಡ್ ನಂಬರ್ ಒತ್ತಿರುತ್ತಲ್ಲ."

"ಹಾಂ, ಅದೇ ನಿಮ್ಮ ಮೇಡಂ ಹೇಳೋ ವಿಳಾಸ. ಸರಿ, ಒಂದು ಬಟ್ಟೆ ದಾರೀಲಿ ಕಳೀತು ಅನ್ನಿ. ನಾನೇನು ಮಾಡ್ತೀನಿ?"

"ಚೀಟಿ ಕಳಿಸ್ತೀಯ. ಇಂಥದ್ದು ಬಂದಿಲ್ಲ, ಇನ್ನೊಂದು ಸಲ ಕಳಿಸಿ ಅಂತ."

"ಅಷ್ಟೇರೀ ಇಂಟರ್ನೆಟ್ಟು. ಸುಮ್ಮನೆ ದೊಡ್ಡ ದೊಡ್ಡ ಹೆಸರಿಟ್ಟು ಹೆದರಿಸ್ತಾರೆ."

ಬಟ್ಟೆಗೆ ಅವಸರವಿಲ್ಲ, ಮಾತಿಗೆ ಅವಸರವಿದೆ ಎಂದು ಫೋನಪ್ಪ ವಾದ ಹೂಡಿದ. ಗಾಡಿ ಬೇಗ ಬೇಗ ಓಡುತ್ತೆ ಅಂದ್ಕೊಳ್ಳಿ, ಊಟಕ್ಕೆ ಬನ್ನಿ ಎಂದಳು ಅವಳು. ಹೆಂಡತಿಗೆ ಮೂರು ನಿಮಿಷದಲ್ಲಿ ತಿಳಿದದ್ದು ತನಗೆ ಮೂರು ಗಂಟೆಯಲ್ಲಿ ತಿಳಿಯಲಿಲ್ಲವಲ್ಲ ಎಂದು ಅವನಿಗೆ ಸಂಕಟವೂ ಆಯಿತು, ಇವಳಾದರೂ ಇದ್ದಾಳಲ್ಲ ಎಂದು ಸಮಾಧಾನವೂ ಆಯಿತು.

ಹೀಗೆ ಪಾಠ ನಡೆಯಿತು. ಹಗಲು ಮೇಡಂ ಹೇಳಿದ್ದನ್ನು ಸಂಜೆ ಬಟ್ಟೆ ಕೋಣೆಯ ಭಾಷೆಗೆ ಇಳಿಸಿಕೊಂಡರೆ ಮಾತ್ರ ಅವನ ತಲೆಗೆ ಹತ್ತುತ್ತಿತ್ತು. ಜನ ಹೆಸರು ಹೇಳಿದರೆ ಅದಕ್ಕೆ ಸರಿಯಾದ ನಂಬರು ಹುಡುಕಿಕೊಡುವ ಯಂತ್ರವೊಂದು ಇಂಟರ್ನೆಟ್ಟಿನಲ್ಲಿ ಇರುತ್ತದೆ ಎಂದು ತಿಳಿದ ದಿನ ಮಾತ್ರ ಅವನೇ ಓಡಿ ಬಂದು ಅವಳಿಗೆ ಹೇಳಿದ. "ಅದು ನೀನೇ ಕಣೇ! ಹೆರಿಗೆ ವಾರ್ಡ್ ಕೊಡಿ ಅಂದ್ರೆ ನೀನು ಕೊಡ್ತಿದ್ಯಲ್ಲ, ಥೇಟ್ ಅದೇ!"

ಅವಳು ನಕ್ಕಳು. "ಹಾಗಾದ್ರೆ ನನ್ನ ಕೆಲಸಾನ ಇಟ್ಕೊಂಡು ನನ್ನನ್ನ ಮಾತ್ರ ತೆಗೆದು ಹಾಕಿದಾರೆ ಅನ್ನಿ."

ಐದನೇ ವಾರ ಕೈಕೆಲಸ ಶುರುವಾಯಿತು. ಮೇಡಂ ಒಂದು ತಂತಿ ಸೀಳಿ ಒಳಗಿನದ್ದನ್ನು ಬಿಡಿಸಿ ತೋರಿಸಿದಾಗ ಫೋನಪ್ಪನ ಮುಖ ಅರಳಿತು. ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದರ ಜೊತೆಗೂ ಅದರದರ ಬಿಳಿ, ಚೆಂದವಾಗಿ ಸುತ್ತಿಕೊಂಡಿವೆ. ಐದು ವಾರ ಪರದೇಶದಲ್ಲಿ ಅಲೆದವನಿಗೆ ಮನೆಯವರು ಸಿಕ್ಕ ಹಾಗಾಯಿತು. ಈ ಎಂಟು ತಂತಿಗಳನ್ನು ಗಾಜಿನಂಥ ಸಣ್ಣ ಪ್ಲಾಸ್ಟಿಕ್ ಪ್ಲಗ್ಗಿನ ಎಂಟು ಮನೆಗಳಿಗೆ ತೂರಿಸಿ ಇಕ್ಕಳದಿಂದ ಒತ್ತಬೇಕು, ಅಷ್ಟೇ ಕೆಲಸ. ಯಾವ ಬಣ್ಣ ಯಾವ ಮನೆಗೆ ಎಂಬ ಚಿತ್ರ ಗೋಡೆಯ ಮೇಲಿತ್ತು.

ಚಿತ್ರ ನೋಡಿ ಫೋನಪ್ಪನ ಹುಬ್ಬು ಗಂಟಿಕ್ಕಿತು. ಒಂದು, ಎರಡನೇ ಮನೆಯಲ್ಲಿ ಕಿತ್ತಳೆ ಜೋಡಿ, ಸರಿ. ಏಳು, ಎಂಟರಲ್ಲಿ ಕಂದು ಜೋಡಿ, ಅದೂ ಸರಿ. ಆದರೆ ಹಸಿರಿನ ಬಿಳಿಯನ್ನು ಮೂರನೇ ಮನೆಯಲ್ಲಿ ಕೂರಿಸಿ, ಹಸಿರನ್ನು ಆರನೇ ಮನೆಗೆ ಅಟ್ಟಿ, ನಡುವಿನ ನಾಲ್ಕು, ಐದರಲ್ಲಿ ನೀಲಿ ಜೋಡಿಯನ್ನು ತಂದು ಇಟ್ಟಿದ್ದರು.

"ಮೇಡಂ, ಇದು ತಪ್ಪು ಅಚ್ಚಾಗಿದೆ."

"ತಪ್ಪಲ್ಲ ಸರ್, ಅದೇ ಸ್ಟ್ಯಾಂಡರ್ಡು."

"ಹಸಿರು ಜೋಡೀನ ಒಡೆದಿದಾರಲ್ಲ? ಯಾಕೆ?"

ಮೇಡಂ ಮೊದಲ ಸಲ ಆ ಚಿತ್ರವನ್ನು ಅಷ್ಟು ಹೊತ್ತು ನೋಡಿದರು. ಅವರಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಅದು ಹಾಗೇ ಸರ್. ಬಾಯಿಪಾಠ ಮಾಡ್ಕೊಂಡುಬಿಡಿ. ಎರಡು ತುದೀಲೂ ಒಂದೇ ಥರ ಇದ್ರೆ ಆಯ್ತು."

ಬೇರೆಯವರೆಲ್ಲ ಬಾಯಿಪಾಠ ಮಾಡಿಕೊಂಡು ಬಚಾವಾದರು. ಫೋನಪ್ಪನಿಗೆ ಮೊದಲಿನ ಮಾತು ಬೇಡವಾಯಿತು, ಕೊನೆಯ ಮಾತು ಕಿವಿಯಲ್ಲಿ ಕೂತಿತು. ಪರೀಕ್ಷೆಯಲ್ಲಿ ಚಿತ್ರದಲ್ಲಿದ್ದಂತೆಯೇ ಬರೆದ, ಐವತ್ತಕ್ಕೆ ಮೂವತ್ತೇಳು ಬಂತು. ಹೆಂಡತಿ ಬಟ್ಟೆ ಕೋಣೆಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದಳು.

ಮೂರು ತಿಂಗಳ ಪರೀಕ್ಷೆಗೆ ಸಾಹೇಬರು ಅವನಿಗೆ ಮೂರನೇ ಮಹಡಿಯನ್ನು ಒಪ್ಪಿಸಿದರು. ಮೂಳೆ ವಿಭಾಗ, ಅದರ ಡಾಕ್ಟರುಗಳ ಕೋಣೆಗಳು, ಎರಡು ವಾರ್ಡು. ಲಿಫ್ಟಿನ ಪಕ್ಕದ ಸಣ್ಣ ಕೋಣೆಯಿಂದ ಹೊರಟು ಅರವತ್ತನಾಲ್ಕು ತಂತಿಗಳು ಅರವತ್ತನಾಲ್ಕು ಜಾಗಕ್ಕೆ ಹೋಗಬೇಕು. ಏಣಿ ಹತ್ತಿ ಚಾವಣಿಯ ಹಲಗೆ ಸರಿಸಿ ತಲೆ ಒಳಗೆ ಹಾಕಿದಾಗ ಫೋನಪ್ಪನಿಗೆ ಹೋದ ಜೀವ ಬಂದಂತಾಯಿತು. ಇಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆದರೆ ಮೊದಲ ಪ್ಲಗ್ಗು ಹಾಕಲು ಕೂತಾಗ ಕೈ ಕೇಳಲಿಲ್ಲ. ಹಸಿರನ್ನು ಅದರ ಜೊತೆಯಿಂದ ಬಿಡಿಸಿ ದೂರ ಇಡುವುದೆಂದರೆ ಬೇಕೆಂದೇ ಕೆಲಸ ಕೆಡಿಸಿದಂತೆ ಅನ್ನಿಸಿತು. ಸುಮ್ಮನೆ ನೋಡೋಣವೆಂದು ಒಂದು ಮೊಳದ ತಂತಿ ತೆಗೆದುಕೊಂಡು ಎರಡೂ ತುದಿಯಲ್ಲಿ ಜೋಡಿಗಳನ್ನು ಅಕ್ಕಪಕ್ಕ ಕೂರಿಸಿದ: ಕಿತ್ತಳೆ, ಹಸಿರು, ನೀಲಿ, ಕಂದು. ಟೆಸ್ಟರಿಗೆ ಸಿಕ್ಕಿಸಿದ. ಒಂದರಿಂದ ಎಂಟರ ತನಕ ದೀಪಗಳು ಸಾಲಾಗಿ ಹತ್ತಿದವು. ಕಂಪ್ಯೂಟರಿಗೆ ಸಿಕ್ಕಿಸಿದ. ನೆಟ್‌ವರ್ಕೂ ತಕರಾರಿಲ್ಲದೆ ಸಿಕ್ಕಿತು. ಎರಡು ತುದಿಯೂ ಒಂದೇ ಥರ ಇದ್ದರೆ ಆಯಿತು ಎಂದು ಮೇಡಮ್ಮೇ ಹೇಳಿದ್ದರಲ್ಲ. ಸ್ಟ್ಯಾಂಡರ್ಡು ಬರೆದವರು ತಂತಿ ಮುಟ್ಟಿದವರಲ್ಲ ಎಂದು ಫೋನಪ್ಪ ತೀರ್ಮಾನಕ್ಕೆ ಬಂದ.

ಎಡವಿದ್ದು ಇಲ್ಲೇ. ಏನೂ ತಿಳಿಯದವನು ಇಲ್ಲಿ ಎಡವುತ್ತಿರಲಿಲ್ಲ, ಚಿತ್ರ ನೋಡಿ ಗಿಳಿಪಾಠ ಒಪ್ಪಿಸಿ ಹೋಗುತ್ತಿದ್ದ. ಇವನು ತಿಳಿದವನು. ಅರವತ್ತನಾಲ್ಕು ತಂತಿಯ ನೂರ ಇಪ್ಪತ್ತೆಂಟು ತುದಿಗಳನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಂದೊಂದು ಜೋಡಿಯನ್ನೂ ಉಳಿಸಿಕೊಂಡು, ತನ್ನ ಪ್ರಕಾರ ನ್ಯಾಯವಾಗಿ ಒತ್ತಿದ. ತಂತಿಗಳನ್ನು ಕಟ್ಟಿದ ಅಚ್ಚುಕಟ್ಟು ನೋಡಿ ಸಾಹೇಬರು ತಮ್ಮ ವಿಭಾಗದವರನ್ನೆಲ್ಲ ಕರೆತಂದು ತೋರಿಸಿದರು. "ಕೆಲಸ ಅಂದ್ರೆ ಹೀಗಿರಬೇಕು ಕಣ್ರೀ," ಎಂದರು. ಪ್ಲಗ್ಗಿನೊಳಗಿನ ಬಣ್ಣಗಳನ್ನು ಅವರೂ ನೋಡಲಿಲ್ಲ, ಯಾರೂ ನೋಡಲಿಲ್ಲ. ಆ ಸಂಜೆ ಫೋನಪ್ಪ ಮನೆಗೆ ಸಿಳ್ಳೆ ಹಾಕುತ್ತಾ ಹೋದ.

ಎರಡು ತಿಂಗಳು ಎಲ್ಲ ನೆಟ್ಟಗಿತ್ತು. ವಾರ್ಡಿನ ಸಿಸ್ಟರುಗಳು ಒಂದೆರಡು ಸಾಲು ಬರೆದು ಕಳಿಸುವುದಕ್ಕೆ ಆ ತಂತಿ ಸಾಕಾಗುತ್ತಿತ್ತು. ಆಮೇಲೆ ಎಕ್ಸ್‌ರೇ ಚಿತ್ರಗಳನ್ನೂ ನೆಟ್‌ವರ್ಕಿನ ಮೇಲೆಯೇ ಕಳಿಸುವ ದಿನ ಬಂತು. ನೆಲಮಾಳಿಗೆಯಲ್ಲಿ ತೆಗೆದ ಚಿತ್ರ ನೇರ ಮೂರನೇ ಮಹಡಿಯ ಡಾಕ್ಟರ ಪರದೆಯ ಮೇಲೆ ಮೂಡಬೇಕು. ಮೊದಲ ಚಿತ್ರ ನೋಡಲು ನಾಲ್ಕೈದು ಜನ ಪರದೆಯ ಮುಂದೆ ನೆರೆದರು. ಕುತ್ತಿಗೆ ಬಂತು, ಭುಜ ಬಂತು, ಪಕ್ಕೆಲುಬು ನಾಲ್ಕು ಬಂತು, ಅಲ್ಲಿಗೆ ನಿಂತಿತು. ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು.

"ಅರ್ಧ ಮನುಷ್ಯನ್ನ ಕಳಿಸಿದೀರಲ್ರೀ," ಎಂದರು ಮೂಳೆ ಡಾಕ್ಟರು. "ಇನ್ನರ್ಧಕ್ಕೆ ನಾಳೆ ಬರ್ಲಾ?"

ಲಿಫ್ಟಿನ ಹತ್ತಿರದ ಕೋಣೆಗಳಲ್ಲಿ ಚಿತ್ರ ಹೇಗೋ ಬರುತ್ತಿತ್ತು, ದೂರ ಹೋದಂತೆಲ್ಲ ನಿಲ್ಲುತ್ತಿತ್ತು. ಐದು ದಿನ ಹುಡುಕಿದರು. ಕಂಪ್ಯೂಟರು ಬದಲಿಸಿದರು, ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ ಬದಲಿಸಿದರು. ಫೋನಪ್ಪ ಟೆಸ್ಟರು ಹಿಡಿದು ಅರವತ್ತನಾಲ್ಕು ತಂತಿಯನ್ನೂ ಮೂರು ಮೂರು ಸಲ ಪರೀಕ್ಷೆ ಮಾಡಿದ. ಪ್ರತಿ ಸಲವೂ ಎಂಟು ದೀಪ, ಸಾಲು ತಪ್ಪದೆ. ಕೊನೆಗೆ ಯಾರೂ ಇಲ್ಲದ ಹೊತ್ತು ನೋಡಿ ತನ್ನ ಹಳೆಯ ಪರೀಕ್ಷೆಯ ಫೋನನ್ನು ಆ ತಂತಿಗೆ ಸಿಕ್ಕಿಸಿ ಕಿವಿಗಿಟ್ಟುಕೊಂಡ. ಮೊದಲಾದರೆ ಗೊರಗೊರ ಶಬ್ದ ಕೇಳಿಯೇ ನೀರು ಇಳಿದಿದೆಯೋ, ಇಲಿ ಕಡಿದಿದೆಯೋ ಹೇಳುತ್ತಿದ್ದ. ಈ ತಂತಿಯಲ್ಲಿ ಅವನಿಗೆ ತಿಳಿಯುವಂಥದ್ದು ಏನೂ ಕೇಳಿಸಲಿಲ್ಲ. ಫೋನು ಕಳಚಿಕೊಂಡು ಏಣಿ ಇಳಿದ.

ಡಾಕ್ಟರ ಕೋಣೆಯ ಮುಂದೆ ಸಾಲಿನಲ್ಲಿ ರೋಗಿಗಳು ಕಾಯುತ್ತಿದ್ದರು. ಮಣಿಕಟ್ಟು ಮುರಿದುಕೊಂಡ ಹೆಂಗಸೊಬ್ಬಳು ಎರಡು ಗಂಟೆಯಿಂದ ಕೂತಿದ್ದಳು. ಫೋನಪ್ಪ ನೆಲಮಾಳಿಗೆಗೆ ಓಡಿ, ಅವಳ ಎಕ್ಸ್‌ರೇ ಫಿಲಂ ಅಚ್ಚು ಹಾಕಿಸಿ, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ಆ ದಿನ ಇಪ್ಪತ್ತಾರು ಸಲ ಹತ್ತಿಳಿದ. ಇಂಟರ್ನೆಟ್ಟು ಓದಿ ಪಾಸಾದ ಮನುಷ್ಯ ಹೀಗೆ ಚಿತ್ರ ಹೊತ್ತು ಓಡುವುದನ್ನು ಕಂಡು ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

"ಕಳೆದ ತುಂಡನ್ನ ಮತ್ತೆ ಮತ್ತೆ ಕೇಳ್ತಿದೆ ಅಂದ್ರೆ ದಾರೀಲಿ ಎಲ್ಲೋ ಕಳೀತಿದೆ," ಎಂದಳು ಹೆಂಡತಿ ಸಂಜೆ. "ನಿಮ್ಮ ತಂತೀಲೇ ಏನಾದ್ರೂ..."

"ನನ್ನ ತಂತೀಲಿ ತಪ್ಪಿಲ್ಲ!"

ಇಪ್ಪತ್ತೆಂಟು ವರ್ಷದಲ್ಲಿ ಅವನು ಅವಳ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆರನೇ ದಿನ ಸಾಹೇಬರು ಹೊರಗಿನ ಕಂಪನಿಯಿಂದ ಒಬ್ಬ ಇಂಜಿನಿಯರನ್ನು ಕರೆಸಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಇಟ್ಟಿಗೆಯಷ್ಟು ದೊಡ್ಡ ಮೀಟರು. ಆಕೆ ದೂರದ ಕೋಣೆಯ ತಂತಿಯನ್ನು ಅದಕ್ಕೆ ಸಿಕ್ಕಿಸಿದಳು. ಮೀಟರಿನ ಪರದೆ ಕೆಂಪಾಯಿತು. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದನ್ನ ಒತ್ತಿದ್ದು ಯಾರು?"

"ನಾನೇ ಕಣಮ್ಮ."

"ಸರ್, ಈ ಯಂತ್ರಗಳು ಒಂದು-ಎರಡನ್ನ ಒಂದು ಜೋಡಿ ಅಂತ ಬಳಸುತ್ವೆ. ಮೂರು-ಆರನ್ನ ಇನ್ನೊಂದು ಜೋಡಿ ಅಂತ. ನಿಮ್ಮ ಮೂರನೇ ಮನೇಲಿ ಹಸಿರಿನ ಬಿಳಿ ಇದೆ, ಆರನೇ ಮನೇಲಿ ನೀಲಿ ಇದೆ. ಅವೆರಡೂ ದಾರಿಯುದ್ದಕ್ಕೂ..."

ಆಕೆ ಮುಗಿಸಬೇಕಾಗಿರಲಿಲ್ಲ. ಅವೆರಡೂ ದಾರಿಯುದ್ದಕ್ಕೂ ಬೇರೆ ಬೇರೆ ತಂತಿಗೆ ಸುತ್ತಿಕೊಂಡು ಬಂದಿವೆ. ಎಂದರೆ ಒಡೆದ ಜೋಡಿ. ಎಂದರೆ ಪಕ್ಕದ ಮಾತು ನುಗ್ಗುತ್ತದೆ, ಉದ್ದ ಹೆಚ್ಚಿದಷ್ಟೂ ಹೆಚ್ಚು ನುಗ್ಗುತ್ತದೆ. ಪ್ಲಗ್ಗಿನಲ್ಲಿ ಅಕ್ಕಪಕ್ಕ ಕೂರಿಸಿ ಜೋಡಿ ಉಳಿಸಿದೆ ಎಂದುಕೊಂಡವನು ಅರವತ್ತನಾಲ್ಕು ತಂತಿಯಲ್ಲೂ ಜೋಡಿ ಒಡೆದಿದ್ದ. ಇದೇ ತಪ್ಪನ್ನು ಬೇರೆಯವರ ಕೆಲಸದಲ್ಲಿ ಹುಡುಕಿ ಹೆಸರು ಮಾಡಿದವನಿಗೆ ತನ್ನ ಕೆಲಸದಲ್ಲಿ ಅದು ಕಾಣಲಿಲ್ಲ. ಮೂರಕ್ಕೆ ಆರು ಜೊತೆ ಎಂದು ಯಾರಾದರೂ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಟೆಸ್ಟರಲ್ಲಿ ಎಂಟೂ ದೀಪ ಬಂತಲ್ಲಮ್ಮ," ಎಂದ.

"ಅದು ತಂತಿ ಎಲ್ಲಾದ್ರೂ ತುಂಡಾಗಿದೆಯಾ ಅಂತ ಮಾತ್ರ ಹೇಳುತ್ತೆ ಸರ್. ಯಾವುದು ಯಾವುದಕ್ಕೆ ಸುತ್ತಿಕೊಂಡಿದೆ ಅಂತ ಅದಕ್ಕೆ ಗೊತ್ತಾಗಲ್ಲ."

"ಮೂರನ್ನೂ ಆರನ್ನೂ ಯಾಕಮ್ಮ ಜೊತೆ ಮಾಡಿದ್ರು? ಪಕ್ಕಪಕ್ಕ ಇಟ್ಟಿದ್ರೆ ಏನಾಗ್ತಿತ್ತು?"

"ನಡುವಿನ ಎರಡು ಮನೆ ಟೆಲಿಫೋನಿಂದು ಸರ್. ಹಳೇ ಟೆಲಿಫೋನ್ ಪ್ಲಗ್ಗಲ್ಲಿ ಲೈನು ನಡುವೇನೇ ಇರ್ತಿತ್ತಲ್ಲ, ಅದನ್ನ ಕದಲಿಸೋದು ಬೇಡ ಅಂತ ಇನ್ನೊಂದು ಜೋಡೀನ ಆಚೆಗೊಂದು ಈಚೆಗೊಂದು ಸರಿಸಿದ್ರು."

ಟೆಲಿಫೋನಿಗೆ ಜಾಗ ಬಿಟ್ಟಿದ್ದರು. ಅವನ ಟೆಲಿಫೋನಿಗೇ. ಫೋನಪ್ಪ ಪ್ಲಗ್ಗನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ, ಅಷ್ಟು ಜನರ ಎದುರು ಅಳು ಬಂತು. ಕನ್ನಡಕ ಒರೆಸುವ ನೆಪ ಮಾಡಿದ.

ಮಾರನೇ ದಿನ ಸಾಹೇಬರ ಕೋಣೆಯಲ್ಲಿ ಕೈ ಮುಗಿದು ನಿಂತ. "ಒಂದು ವಾರ ಕೊಡಿ ಸಾಹೇಬ್ರೇ. ನೂರಿಪ್ಪತ್ತೆಂಟು ತುದೀನೂ ಕತ್ತರಿಸಿ ಹೊಸದು ಹಾಕ್ತೀನಿ. ಈಗ ನಂಗೆ ಅರ್ಥ ಆಗಿದೆ."

"ಮೊದಲು ಕೂತ್ಕೊಳ್ಳಿ." ಸಾಹೇಬರು ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸಿದರು, ಸರಿಯಾಗಿದ್ದವನ್ನು ಮತ್ತೆ ಸರಿಪಡಿಸಿದರು. "ವರದಿ ಮೇಲಕ್ಕೆ ಹೋಗಿಬಿಟ್ಟಿದೆ. ಇನ್ಮೇಲೆ ಎಲ್ಲಾ ಮಹಡಿ ತಂತೀನೂ ಹೊರಗಿನ ಕಂಪನಿಯವರೇ ನೋಡ್ಕೋತಾರಂತೆ. ನಿಮ್ಮ ಮೂರು ತಿಂಗಳು ಶುಕ್ರವಾರಕ್ಕೆ ಮುಗಿಯುತ್ತೆ. ನಿಮ್ಮ ತಪ್ಪಲ್ಲ, ತರಬೇತೀದು ತಪ್ಪು ಅಂತ ನಾನು ಬರೆದಿದೀನಿ."

"ತಪ್ಪು ನಂದೇ. ಹಾಗೇ ಬರೀರಿ. ತಪ್ಪು ಅವನದು, ತಿದ್ದೋಕೂ ಅವನಿಗೆ ಬರುತ್ತೆ ಅಂತ ಬರೀರಿ."

ಸಾಹೇಬರ ಕೈಯಲ್ಲೂ ಏನೂ ಇರಲಿಲ್ಲ, ಅದು ಫೋನಪ್ಪನಿಗೆ ಕಾಣುತ್ತಿತ್ತು. ಬೈಯೋಣವೆಂದರೆ ಬೈಯಲು ಒಬ್ಬ ಕೆಟ್ಟ ಮನುಷ್ಯನೂ ಸಿಗಲಿಲ್ಲ. ಎದ್ದು ಬಾಗಿಲ ತನಕ ಹೋದವನನ್ನು ಅವರು ಕರೆದರು.

"ಒಂದು ಕೇಳ್ಕೋಬೇಕು ನಿಮ್ಮ ಹತ್ರ. ಕಟ್ಟಡದ ನಕ್ಷೆ ಯಾವ ಕಾಲದ್ದೋ, ನಂಬೋ ಹಾಗಿಲ್ಲ. ಯಾವ ಗೋಡೇಲಿ ದಾರಿ ಇದೆ, ಎಲ್ಲಿಂದ ಮೇಲೆ ಹೋಗಬಹುದು ಅಂತ ನಿಮಗೊಬ್ಬರಿಗೇ ಗೊತ್ತಿರೋದು. ಕಂಪನಿಯವರಿಗೆ ಬರೆದುಕೊಡ್ತೀರಾ?"

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಕಿಡಿಕಿಡಿಯಾದಳು. "ಅದೊಂದಾದ್ರೂ ನಿಮ್ಮ ಹತ್ರ ಇರಲಿ. ಬರೆದುಕೊಟ್ಮೇಲೆ ನಿಮ್ಮನ್ನ ಯಾರು ಕರೀತಾರೆ?"

"ಕೊಡದಿದ್ರೂ ಕರೆಯಲ್ಲ ಕಣೇ. ಗೋಡೆ ಒಡೆದು ಹುಡುಕ್ತಾರೆ, ಅದಕ್ಕೊಂದು ತಿಂಗಳು ಬೇಕು. ಅಲ್ಲೀತನಕ ಮೂರನೇ ಮಹಡೀಲಿ ಜನ ಕಾಯ್ತಾ ಕೂತಿರ್ತಾರೆ."

ಅವಳು ಒಂದು ಪೆನ್ಸಿಲು ಹುಡುಕಿ ಚೂಪು ಮಾಡಿಕೊಟ್ಟಳು.

ಮೂರನೇ ಮಹಡಿಯ ತುದಿಯಲ್ಲಿದ್ದ ಖಾಲಿ ಕೋಣೆಯೊಂದರಲ್ಲಿ ಕೂತು ಫೋನಪ್ಪ ಮೂರು ದಿನ ಬರೆದ. ಮೆಟ್ಟಿಲ ಹಿಂದಿನ ಗೋಡೆಯಲ್ಲಿ ಮುಚ್ಚಿಹೋದ ಕಿಂಡಿ, ಆಪರೇಷನ್ ಕೋಣೆಯ ಚಾವಣಿಯಲ್ಲಿ ಬಗ್ಗಿಯೇ ಹೋಗಬೇಕಾದ ಜಾಗ, ಅಡುಗೆಮನೆಯ ಮೇಲೆ ಬಿಸಿನೀರಿನ ಪೈಪು ಇರುವುದರಿಂದ ಎಡಕ್ಕೆ ಎರಡು ಅಡಿ ಬಿಟ್ಟು ಹೋಗಬೇಕೆಂಬ ಎಚ್ಚರಿಕೆ, ಒಂದನ್ನೂ ಬಿಡಲಿಲ್ಲ. ಮುಚ್ಚಿಡಲು ಮನಸ್ಸು ಬಂದ ಕಡೆ ಇನ್ನಷ್ಟು ದಪ್ಪವಾಗಿ ಗೆರೆ ಎಳೆದ. ಶುಕ್ರವಾರ ಮಧ್ಯಾಹ್ನಕ್ಕೆ ಹನ್ನೊಂದು ಹಾಳೆ ತುಂಬಿತು. ಕೈ ಒರೆಸಿಕೊಂಡು ನೋಡಿದರೆ ತಲೆಯೊಳಗೆ ಹೇಳಲು ಇನ್ನೇನೂ ಉಳಿದಿರಲಿಲ್ಲ.

ಇಂಜಿನಿಯರು ಹಾಳೆಗಳನ್ನು ಒಂದೊಂದಾಗಿ ತಿರುವಿ, "ಇಂಥಾದ್ದು ನಾನು ಎಲ್ಲೂ ನೋಡಿಲ್ಲ ಸರ್," ಎಂದಳು. ಅದು ಬಾಯಿಮಾತಲ್ಲ, ನಿಜವಾಗಿ ಹೇಳಿದ್ದು. ಹಾಳೆಗಳ ಚಿತ್ರ ತೆಗೆದು, ಆ ಕೋಣೆಯ ಕಂಪ್ಯೂಟರಿನಿಂದ ತಮ್ಮ ಆಫೀಸಿಗೆ ಕಳಿಸಲು ಗುಂಡಿ ಒತ್ತಿದಳು. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಬೆಳೆಯತೊಡಗಿತು. ಫೋನಪ್ಪ ಹಿಂದೆ ನಿಂತು ನೋಡಿದ. ಒಳಗೆ ಏನಾಗುತ್ತಿದೆ ಎಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಹನ್ನೊಂದು ಹಾಳೆ ಸಾವಿರಾರು ತುಂಡಾಗಿ, ಒಂದೊಂದೂ ತನ್ನ ವಿಳಾಸ ಹೊತ್ತು, ಸಿಕ್ಕ ಸಿಕ್ಕ ದಾರಿ ಹಿಡಿದು ಹೋಗುತ್ತಿವೆ. ತರಬೇತಿಯ ಆರು ವಾರದಲ್ಲಿ ಅದು ಅವನಿಗೆ ಒಂದು ಸಲವೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಪಟ್ಟಿ ಅರ್ಧ ದಾಟಿ ನಿಂತುಬಿಟ್ಟಿತು. ಒಂದು ನಿಮಿಷ ಕಾದರು, ಕದಲಲಿಲ್ಲ. ಆಕೆ ರದ್ದು ಮಾಡಿ ಮತ್ತೆ ಒತ್ತಿದಳು. ಮತ್ತೆ ಅಲ್ಲಿಗೇ ಬಂದು ನಿಂತಿತು. ಫೋನಪ್ಪನಿಗೆ ಒಳಗೊಳಗೇ ಸಂತೋಷವಾಯಿತು, ಯಾರಿಗೂ ಹೇಳಲಾಗದಂಥ ಸಂತೋಷ. ಹಾಗೇ ನಿಂತಿರಲಿ, ಸಂಜೆಯ ತನಕ ನಿಂತಿರಲಿ, ಸೋಮವಾರ ಮತ್ತೊಮ್ಮೆ ತನ್ನನ್ನು ಕರೆಯಲಿ ಎಂದುಕೊಂಡ. ಗೋಡೆಯ ಆಚೆ ಕಾಯುವವರ ಸಾಲಿನಲ್ಲಿ ಯಾರೋ ನರಳುತ್ತಿದ್ದರು.

"ಏನಾಗಿದೆ ಇದಕ್ಕೆ?" ಎಂದು ಆಕೆ, ಅವಸರದಲ್ಲಿ ತಾನು ಕೂತ ಮಹಡಿಯನ್ನೇ ಮರೆತು, ಗುಂಡಿಯನ್ನು ಮೂರನೇ ಸಲ ಒತ್ತಲು ಹೋದಳು.

"ಇಲ್ಲಿ ಹೋಗಲ್ಲಮ್ಮ," ಎಂದ ಫೋನಪ್ಪ. "ನೆಲಮಾಳಿಗೆಗೆ ಹೋಗಿ ಕಳಿಸಿ. ಅಲ್ಲಿನ ಕಂಪ್ಯೂಟರ್ ತಂತಿ ನಾನು ಹಾಕಿದ್ದಲ್ಲ."